ಗೋಡೆಗೆ ಲೈಸೆನ್ಸ್, ಗಾಯಕಿಗೆ ಚೀಟಿಯೂ ಇಲ್ಲ

ನಿನ್ನೆ ಸಂಜೆ ಗಾಂಧಿನಗರದಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳು ಸಿಕ್ಕಳು. ನಾನು ಲೈವ್ ಬ್ಯಾಂಡ್ ಬಾರಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದಾಗ ಹಾಡುತ್ತಿದ್ದವಳು. (ಅಲ್ಲಿ ಒಂಬತ್ತು ವರ್ಷ ನುಡಿಸಿದೆ. ಅತ್ತೆಯ ಮನೆಯವರಿಗೆ ಮಾತ್ರ ನಾನು ಇಂದಿಗೂ ಗಣೇಶೋತ್ಸವದ ಆರ್ಕೆಸ್ಟ್ರಾದವನು.)

‘ಆ ಜಾಗ ಬಿಟ್ಟೆ ಅಣ್ಣಾ. ಒಂದೂವರೆ ತಿಂಗಳ ಸಂಬಳ ಕೊಡದೆ ಸತಾಯಿಸುತ್ತಿದ್ದಾರೆ’ ಎಂದಳು. ಬೇರೆ ಬಾರಿನಲ್ಲಿ ಕೆಲಸ ಕೇಳಿದರೆ, ಅಲ್ಲಿನ ಮಾಲೀಕ ಹಳೆಯವನಿಗೆ ಫೋನ್ ಮಾಡಿ ವಿಚಾರಿಸಿದನಂತೆ. ‘ಅವಳದು ಬರೀ ಕಿರಿಕಿರಿ’ ಎಂಬ ಉತ್ತರ ಬಂತಂತೆ. ಕಿರಿಕಿರಿ ಎಂದರೆ ಸಂಬಳ ಕೇಳಿದ್ದು!

ನನ್ನ ಪಕ್ಕದ ಮನೆಯ ಹುಡುಗ ಐದು ವರ್ಷಗಳಲ್ಲಿ ನಾಲ್ಕು ಕಂಪನಿ ಬದಲಿಸಿದ. ಪ್ರತಿ ಸಲವೂ ಅವರ ತಾಯಿ ಮೈಸೂರುಪಾಕು ಹಂಚಿದರು. ಇವಳು ಮೂರನೆಯ ಬಾರ್ ಸೇರಿದರೆ ‘ಎಲ್ಲೂ ನಿಲ್ಲುವವಳಲ್ಲ’.

ಬಾರಿಗೆ ಕಾಗದ ಕಡಿಮೆಯೇ? ಬೆಂಗಳೂರಿನ ಲೈವ್ ಬ್ಯಾಂಡ್‌ಗಳಿಗೆ ಪೊಲೀಸ್ ಕಮಿಷನರ್ ಲೈಸೆನ್ಸ್ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಮಹಾರಾಷ್ಟ್ರದ ಆರ್ಕೆಸ್ಟ್ರಾ ಬಾರುಗಳ ವೇದಿಕೆಯಲ್ಲಿ ನಾಲ್ಕೇ ಹೆಂಗಸರು, ನಾಲ್ಕೇ ಗಂಡಸರು ಇರಬೇಕೆಂಬ ಷರತ್ತನ್ನು 2022ರಲ್ಲಿ ಅದೇ ನ್ಯಾಯಾಲಯ ರದ್ದು ಮಾಡಿತು. ಒಳ್ಳೆಯದೇ. ವೇದಿಕೆಯ ಮೇಲೆ ಎಷ್ಟು ಜನ ನಿಲ್ಲಬೇಕೆಂಬ ಲೆಕ್ಕ ದೆಹಲಿಯವರೆಗೆ ಹೋಯಿತು, ಇಳಿದು ಹೋಗುವವಳ ಬಾಕಿಯ ಲೆಕ್ಕ ಗಲ್ಲಾಪೆಟ್ಟಿಗೆಯನ್ನೂ ದಾಟುವುದಿಲ್ಲ. ರೆಸ್ಟೊರೆಂಟುಗಳಿಗೂ ಅನ್ವಯಿಸುವ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ನೇಮಕಾತಿ ಆದೇಶ ಕೊಡಬೇಕೆಂದಿದೆ. ಒಂಬತ್ತು ವರ್ಷಗಳಲ್ಲಿ ಅಂಥದ್ದೊಂದು ಕಾಗದವನ್ನು ನಾನಂತೂ ಕಣ್ಣಾರೆ ಕಾಣಲಿಲ್ಲ.

‘ಅಂಥ ಕೆಲಸವನ್ನೇ ಬಿಡಬಹುದಲ್ಲ’ ಎನ್ನುವವರು ಇರುತ್ತೀರಿ. ಬಿಡಲಿ. ಅಂಗಡಿಯಲ್ಲಿ ಕೆಲಸ ಕೇಳಿದರೆ ‘ಇದಕ್ಕೆ ಮುಂಚೆ ಎಲ್ಲಿದ್ದಿರಿ?’ ಎನ್ನುತ್ತಾರಲ್ಲ, ಆಗ ಏನು ತೋರಿಸಬೇಕು? ಅದೇ ಬಾರಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದವರು ಸಾಕ್ಷಿ ಹೇಳಲು ಬರುತ್ತೀರಾ?

ಅವಳ ಚೀಲದಲ್ಲಿ ಹಾಡಿನ ಪುಸ್ತಕವಿತ್ತು. ಬೆನ್ನಿಗೆ ಟೇಪು ಹಚ್ಚಿದ ಇನ್ನೂರು ಪುಟದ ನೋಟ್‌ಬುಕ್. ಪ್ರತಿ ಹಾಡಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಶ್ರುತಿ: ‘ಜಿ’, ‘ಎ ಶಾರ್ಪ್’. ಅರ್ಧಕ್ಕರ್ಧ ನನ್ನದೇ ಅಕ್ಷರ. ನೋಡುತ್ತಿದ್ದಂತೆ ಮುಖ ಬಿಸಿಯಾಯಿತು. ನಾನು ಕೆಲಸ ಬಿಟ್ಟ ದಿನ ಅವಳಿಗೆ ಎರಡು ತಿಂಗಳ ಬಾಕಿಯಿತ್ತು. ನನ್ನ ಹಣವನ್ನು ನಾನು ಜಗಳವಾಡಿ, ಎಣಿಸಿಕೊಂಡು ಜೇಬಿಗಿಳಿಸಿದೆ. ಅವಳ ಪರವಾಗಿ ತುಟಿ ಬಿಚ್ಚಲಿಲ್ಲ. ಹೌದು, ಈಗ ಫೇಸ್‌ಬುಕ್ಕಿನಲ್ಲಿ ಬರೆಯುವಷ್ಟು ಧೈರ್ಯ ಬಂದಿದೆ.

ಏಳುವಾಗ ಕೇಳಿದಳು: ‘ಅಣ್ಣಾ, ನಿಮ್ಮ ಸಂಗೀತ ಶಾಲೆಗೆ ರಬ್ಬರ್ ಸ್ಟಾಂಪ್ ಇದೆಯಲ್ಲ, ನನಗೊಂದು ಅನುಭವ ಪತ್ರ ಬರೆದುಕೊಡುತ್ತೀರಾ?’

ರಾತ್ರಿ ಕುಳಿತು ಬರೆದೆ. ಅವಳ ಪೂರ್ತಿ ಹೆಸರೇ ನನಗೆ ಗೊತ್ತಿರಲಿಲ್ಲ, ಫೋನ್ ಮಾಡಿ ಕೇಳಬೇಕಾಯಿತು.