ಕೊಡಗಿಂದೇ ತಗೊಳ್ಳಿ ಅನ್ನೋ ಲೇಬಲ್ ಬೇಕಾ? ಪರ-ವಿರೋಧ

ಪ್ರಶ್ನೆ ಇಷ್ಟೇ. ಇಲ್ಲಿನ ಬೆಳೆಗಾರರು, ಹೋಂಸ್ಟೇಯವ್ರು, ಅಂಗಡಿಯವ್ರು ಒಟ್ಟಾಗಿ ಒಂದು ಲೇಬಲ್ ಮಾಡ್ಕೊಂಡು, ಕೊಡಗಲ್ಲಿ ಬೆಳೆದಿದ್ದನ್ನ ಕೊಡಗಲ್ಲೇ ಮಾರಿದ್ರೆ ರೈತನಿಗೆ ಏನಾದ್ರೂ ಉಳಿಯುತ್ತಾ?

ಪರ

ನಮ್ಮನೆ ಹಿಂದೆ ಎರಡು ಬಟರ್ ಫ್ರೂಟ್ ಮರ ಇದೆ. ಮಳೆ ಹಿಡಿದ ಮೇಲೆ ರಾತ್ರಿ ಮಲಗಿದ್ರೆ ತೋಟದಲ್ಲಿ ದೊಪ್ ದೊಪ್ ಅಂತ ಬೀಳೋದು ಕೇಳ್ತಾನೇ ಇರುತ್ತೆ, ಬೆಳಿಗ್ಗೆ ಹೋಗಿ ನೋಡಿದ್ರೆ ಅರ್ಧ ಅಳಿಲು ತಿಂದಿರುತ್ತೆ, ಇನ್ನರ್ಧ ಒಡೆದು ಕಪ್ಪಾಗಿರುತ್ತೆ. ಅದೇ ಹೊತ್ತಿಗೆ ನಮ್ಮ ರೋಡಲ್ಲೇ ಮೇಲಿರೋ ಹೋಂಸ್ಟೇಗೆ ಮೈಸೂರು ಕಡೆಯಿಂದ ಹಣ್ಣು ತರಕಾರಿ ಪಿಕಪ್ ಹತ್ತಿ ಬರುತ್ತೆ. ಒಂದ್ಸಲ ಕೇಳೇಬಿಟ್ಟೆ, ಯಾಕಣ್ಣ, ನಮ್ಮತ್ರ ತಗೋಬಾರ್ದಾ ಅಂತ. "ತಗೋತೀನಿ ಮಾರಾಯ, ಆದ್ರೆ ನಿಂಗೆ ಒಂದ್ವಾರ ಮೂವತ್ತು ಕೆಜಿ ಇರುತ್ತೆ, ಇನ್ನೊಂದ್ವಾರ ಫೋನೇ ಎತ್ತಲ್ಲ, ನಾನು ಗೆಸ್ಟಿಗೆ ಏನ್ ಹಾಕ್ಲಿ" ಅಂದ್ರು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಲೇಬಲ್ ಅಂದ ತಕ್ಷಣ ಎಲ್ರೂ ಸ್ಟಿಕ್ಕರ್ ಡಿಸೈನ್ ಬಗ್ಗೆನೇ ಮಾತಾಡ್ತಾರೆ, ಕೆಲ್ಸ ಇರೋದು ಇಲ್ಲಿ. ಒಬ್ಬನ ಕೈಲಿ ವಾರ ವಾರ ಕೊಡಕ್ಕಾಗಲ್ಲ, ಹತ್ತು ಮನೆ ಸೇರಿದ್ರೆ ಆಗುತ್ತೆ, ಯಾರ ಹತ್ರ ಏನಿದೆ ಅಂತ ಫೋನ್ ಮಾಡಕ್ಕೆ ಒಬ್ಬ, ಎತ್ಕೊಂಡು ಬರಕ್ಕೆ ಒಂದು ಜೀಪು, ಸೀಸನ್‌ಗೆ ಒಂದೇ ರೇಟು. ಈಗ ವ್ಯಾಪಾರಿ ಬಂದು ಮರ ನೋಡಿ ಬಾಯಿಗೆ ಬಂದ ರೇಟ್ ಹೇಳ್ತಾನೆ, ಕೊಳೆಯೋ ಬದ್ಲು ಹೋಗ್ಲಿ ಅಂತ ನಾವೂ ಕೊಟ್ಟುಬಿಡ್ತೀವಿ.

ಇದೇನು ನಮಗೆ ಹೊಸದಲ್ಲ. ವಿರಾಜಪೇಟೆಯಲ್ಲಿ ಜೇನು ಮತ್ತು ಮೇಣ ಸಹಕಾರ ಸಂಘ ಶುರುವಾಗಿದ್ದು 1936ರಲ್ಲಿ. ಒಬ್ಬೊಬ್ರ ಹತ್ರ ನಾಕೈದು ಪೆಟ್ಟಿಗೆ, ವರ್ಷಕ್ಕೆ ಕೆಲವೇ ಬಾಟ್ಲಿ ಜೇನು, ಅದನ್ನ ಒಬ್ಬೊಬ್ರೇ ತಗೊಂಡು ಹೋಗಿದ್ರೆ ಬೆಂಗಳೂರಲ್ಲಿ ಯಾರು ಕೇಳ್ತಿದ್ರು? ಎಲ್ಲಾ ಒಂದೇ ಕಡೆ ಸೇರಿದ್ದಕ್ಕೇ ಕೂರ್ಗ್ ಹನಿ ಅನ್ನೋದಕ್ಕೆ ಒಂದು ಹೆಸರು ಬಂತು. 1990ರ ದಶಕದ ಶುರುನಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನೋ ರೋಗ ಬಂದು ಪೆಟ್ಟಿಗೆಗಳೇ ಖಾಲಿ ಆದ್ವು, ಅದು ಬೇರೆ ಸಂಕಟ, ಒಟ್ಟಾಗಿ ಮಾರಿದ್ರ ತಪ್ಪೇನಲ್ಲ.

ಅಮೆರಿಕದ ಮ್ಯಾಸಚೂಸೆಟ್ಸಲ್ಲಿ 1999ರಿಂದ ಲೋಕಲ್ ಹೀರೋ ಅಂತ ಇಂಥದ್ದೇ ಒಂದು ನಡೀತಿದೆ, ಅಲ್ಲಿ ರೈತರ ಜೊತೆ ಹೋಟ್ಲು, ಅಂಗಡಿ ಎಲ್ಲಾ ಮೆಂಬರ್. ನಮ್ಮಲ್ಲಿ ಹೋಂಸ್ಟೇಗೇನು ಬರವಾ, ತಿರುವಿಗೊಂದು ಬೋರ್ಡ್ ಇದೆ. ಬಂದೋರಿಗೆ ಕಡಂಬುಟ್ಟು ಅಂದ್ರೆ ಅಕ್ಕಿ ಉಂಡೆ, ಜೊತೆಗೆ ಪಂದಿಕರಿ ಅಂದ್ರೆ ಹಂದಿ ಸಾರು ಬಡಿಸಿ ಇದು ನಮ್ಮ ಟ್ರೆಡಿಶನ್ ಅಂತೀವಿ, ಕಡಂಬುಟ್ಟಿನ ಅಕ್ಕಿ ಎಲ್ಲಿಂದು ಅಂತ ಕೇಳಿದ್ರೆ ಮಾತ್ರ ಸುಮ್ನಾಗ್ತೀವಿ, ಯಾಕಂದ್ರೆ ಗದ್ದೆ ಪಾಳು ಬಿದ್ದಿದೆ. ಆ ಅಕ್ಕಿನ ಪಕ್ಕದ ಗದ್ದೆಯೋನ ಹತ್ರನೇ ತಗೋತೀನಿ ಅಂತ ಮೊದ್ಲೇ ಮಾತು ಕೊಟ್ರೆ, ಒಂದೆರಡು ಏಕ್ರೆನಾದ್ರೂ ನಾಟಿ ಆಗುತ್ತೆ ಅಂತ ನನ್ನ ಲೆಕ್ಕ.

ವಿರೋಧ

ಮೇಲೆ ಬರೆದಿರೋರಿಗೆ ನಮಸ್ಕಾರ, ಬಟರ್ ಫ್ರೂಟ್ ಕಥೆ ನಮ್ಮನೇದೂ ಅದೇ. ಆದ್ರೆ ಲೆಕ್ಕ ಹಾಕೋಣ. ದೇಶದ ಕಾಫಿಯಲ್ಲಿ ಹತ್ರಹತ್ರ ಮೂರ್ನೇ ಒಂದು ಭಾಗ ಕೊಡಗಿಂದು. 2011ರ ಜನಗಣತಿ ಪ್ರಕಾರ ಜಿಲ್ಲೆಲಿರೋದು ಐದೂವರೆ ಲಕ್ಷ ಜನ. ನಾವೆಲ್ಲಾ ದಿನಕ್ಕೆ ಹತ್ತು ಲೋಟ ಕುಡಿದು ನಿದ್ದೆ ಬಿಟ್ರೂ ಅಷ್ಟು ಕಾಫಿ ಖಾಲಿಯಾಗಲ್ಲ. ಕಾಫಿಲಿ ಎರಡು ಜಾತಿ, ರೊಬಸ್ಟಾಗೆ ರೇಟ್ ಬರೋದು ಲಂಡನ್ ಮಾರ್ಕೆಟ್ಟಿಂದ, ಅರೇಬಿಕಾಗೆ ನ್ಯೂಯಾರ್ಕಿಂದ. ಮೆಣಸಿಗೂ ಅಷ್ಟೇ, 2017ರಲ್ಲಿ ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಲಿ ಬಂದು ನಮ್ಮ ರೇಟ್ ಬಿದ್ದಾಗ ಡಿಸೆಂಬರಲ್ಲಿ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ದರ ಇಟ್ಟಿದ್ದು ಕೇಂದ್ರ ಸರ್ಕಾರ, ಮಡಿಕೇರಿ ಸಂತೆಯಲ್ಲ. ರೈತನ ವರ್ಷದ ದುಡ್ಡು ನಿಂತಿರೋದು ಈ ಎರಡ್ರ ಮೇಲೆ, ಹೋಂಸ್ಟೇ ತಿಂಡಿ ಪ್ಲೇಟ್ ಮೇಲಲ್ಲ.

ಹೆಸ್ರಿನ ಟ್ಯಾಗ್ ನಮಗೇನು ಕಮ್ಮಿನಾ? ಕೊಡಗಿನ ಕಿತ್ತಳೆಗೆ 2006ರ ಹೊತ್ತಿಗೇ ಜಿಐ, ಅಂದ್ರೆ ಇದು ಇದೇ ಊರಿಂದು ಅನ್ನೋ ಸರ್ಕಾರಿ ಟ್ಯಾಗ್ ಬಂತು, 2019ರಲ್ಲಿ ಕೂರ್ಗ್ ಅರೇಬಿಕಾಗೂ ಬಂತು. ಟ್ಯಾಗ್ ಬಂತು ಅಂತ ಕಿತ್ತಳೆ ಮರ ವಾಪಸ್ ಬಂತಾ? ಗ್ರೀನಿಂಗ್ ರೋಗಕ್ಕೆ ಒಣಗಿದ್ದು ಒಣಗಿದ್ದೇ. ಈಗ್ಲೂ ರಸ್ತೆ ಬದಿ ಕೂರ್ಗ್ ಆರೆಂಜ್ ಅಂತ ಕೂಗಿ ಮಾರೋದು ಹೊರಗಿನ ಹಣ್ಣೇ, ಸಿಪ್ಪೆ ಮುಟ್ಟಿದ್ರೆ ನಮಗೆ ಗೊತ್ತಾಗುತ್ತೆ, ಟೂರಿಸ್ಟಿಗೆ ಎಲ್ಲಿ ಗೊತ್ತಾಗ್ಬೇಕು.

ಇನ್ನು ಒಟ್ಟಾಗಿ ಮಾರೋ ವಿಷ್ಯ, ನಾನೂ ಮಾಡಿ ನೋಡಿದೋನೇ. ಹದಿನಾಲ್ಕು ಮನೆ, ಒಂದು ವಾಟ್ಸಾಪ್ ಗ್ರೂಪ್, ನೀಲಿ ಕ್ರೇಟ್ ಎಲ್ಲಾ ತಂದ್ವಿ. ಮೊದಲ ತಿಂಗಳು ಮದುವೆ ಮನೆ ಥರ ಇತ್ತು. ಆಮೇಲೆ ಒಬ್ಬ ಗಿರಾಕಿ ಎರಡು ತಿಂಗಳಾದ್ರೂ ದುಡ್ಡು ಕೊಡ್ಲಿಲ್ಲ, ಕೇಳಿದ್ರೆ ಗೆಸ್ಟ್ ಕಮ್ಮಿ ಅಂದ. ಜುಲೈನಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ನಾಕು ದಿನ ನೆಟ್‌ವರ್ಕ್ ಇಲ್ಲ, ಯಾರು ಏನ್ ತರ್ತಾರೆ ಅಂತ ಯಾರಿಗೂ ಗೊತ್ತಿಲ್ಲ. ಕಾಫಿ ಕುಯ್ಲು ಶುರುವಾದ್ಮೇಲಂತೂ ಸೊಪ್ಪು ಕಟ್ಟಕ್ಕೆ ಆಳು ಎಲ್ಲಿಂದ ತರೋದು, ಟೂರಿಸ್ಟ್ ಜಾಸ್ತಿ ಬರೋದು ಮಾತ್ರ ಆಗ್ಲೇ.

ಇದೆಲ್ಲಾ ಸಹಿಸ್ಬೋದಿತ್ತು. ಒಂದಿನ ನಮ್ಮಲ್ಲೇ ಒಬ್ರು ಹುಣಸೂರು ಕಡೆ ಬೀನ್ಸ್ ತಂದು ನಮ್ಮ ಕ್ರೇಟಿಗೆ ಸುರಿದ್ರು. ಎಲ್ರಿಗೂ ಗೊತ್ತು, ಅವ್ರ ಹಿತ್ತಲಲ್ಲಿ ಬೀನ್ಸ್ ಬಳ್ಳಿನೇ ಇಲ್ಲ. ಒಬ್ರೂ ಬಾಯಿ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ. ಮನೇಲಿ ಮದುವೆ ಆದ್ರೂ ಅವ್ರೇ ಬರ್ಬೇಕು, ಸಾವಾದ್ರೂ ಅವ್ರೇ ಬರ್ಬೇಕು, ಅರ್ಧ ಕ್ರೇಟ್ ಬೀನ್ಸಿಗೆ ಸಂಬಂಧ ಕೆಡಿಸ್ಕೊಳ್ಳೋರು ಯಾರು? ಲೇಬಲ್ ಹಾಕಿದ್ರೆ ಚೆಕ್ ಮಾಡ್ಬೇಕಾದೋನೂ ಇದೇ ಊರೋನಲ್ವಾ, ಹೊರಗಿನೋನ್ನ ಇಟ್ರೆ ಅವನ ಸಂಬಳ ಯಾರು ಕೊಡೋದು?

ಕಾಚಂಪುಳಿಗೆ, ಅದೇ ಪಂದಿಕರಿಗೆ ಹಾಕೋ ಕಪ್ಪು ಹುಳಿಗೆ, ಬೇಕಾದ್ರೆ ಲೇಬಲ್ ಮಾಡಿ, ನಾನು ಅಡ್ಡ ಬರಲ್ಲ. ಮನೇಲಿ ಕುದ್ಸಿ ಕಪ್ಪಗೆ ಇಳಿಸಿದ್ದು ಯಾವ್ದು, ಬರೀ ಬಣ್ಣ ಯಾವ್ದು ಅಂತ ಒಂದು ತೊಟ್ಟು ನಾಲಿಗೆಗೆ ಇಟ್ರೆ ಹೇಳ್ಬೋದು, ಬಾಟ್ಲಿಲಿ ವರ್ಷಗಟ್ಟಲೆ ಕೆಡಲ್ಲ, ಜೀಪಿಗೂ ಕಾಯ್ಬೇಕಿಲ್ಲ. ಸೊಪ್ಪು, ಹಣ್ಣು, ಬೀನ್ಸ್ ಅಂತ ಇನ್ನೊಂದ್ಸಲ ಗ್ರೂಪ್ ಮಾಡ್ತೀರಾದ್ರೆ ಕ್ರೇಟ್ ಬೇಕಾದ್ರೆ ನಮ್ಮನೆಯಿಂದ ತಗೊಂಡು ಹೋಗಿ, ಆರು ಖಾಲಿ ಇದೆ. ಏಳನೇದ್ರಲ್ಲಿ ಕೋಳಿ ಕಾವಿಗೆ ಕೂತಿದೆ, ಅದನ್ನ ಮಾತ್ರ ಮುಟ್ಬೇಡಿ.