ಹೊಡಿ ಮೂವತ್ತೈದು!

ದಾವಣಗೆರೆಯಲ್ಲಿ ಕಾರಿನ ಟೈರಿಗೆ ಎಷ್ಟು ಗಾಳಿ ಬೇಕೆಂದು ಹೇಳುವ ಅಧಿಕಾರ ಆ ಕಾರನ್ನು ತಯಾರಿಸಿದ ಎಂಜಿನಿಯರುಗಳಿಗೆ ಇಲ್ಲ. ಪಾಪ, ಅವರು ಮುಂದಿನ ಚಕ್ರಕ್ಕೆ ಇಷ್ಟು, ಹಿಂದಿನದಕ್ಕೆ ಇಷ್ಟು, ಐದು ಜನ ಕುಳಿತು ಡಿಕ್ಕಿಯೂ ತುಂಬಿದ್ದರೆ ಇನ್ನಿಷ್ಟು ಎಂದು ಲೆಕ್ಕ ಹಾಕಿ, ಚೀಟಿಯೊಂದರಲ್ಲಿ ಮುದ್ರಿಸಿ, ಚಾಲಕನ ಬಾಗಿಲು ತೆರೆದೊಡನೆ ಕಾಣುವ ಜಾಗದಲ್ಲಿ ಅಂಟಿಸಿರುತ್ತಾರೆ. ಆಯುಧಪೂಜೆಯ ದಿನ ಅದರ ಮೇಲೆ ವಿಭೂತಿಯ ಮೂರು ಪಟ್ಟೆ ಎಳೆದು ಕುಂಕುಮದ ಬೊಟ್ಟು ಇಟ್ಟ ಮೇಲೆ, ಚೀಟಿಯನ್ನು ಓದುವುದು ಅಪಚಾರವೆಂದೇ ಊರು ತೀರ್ಮಾನಿಸಿದಂತಿದೆ.

ಹೀಗಾಗಿ ನಿರ್ಧಾರವೆಲ್ಲ ಬಂಕಿನ ಹುಡುಗನದು. ಅವನು "ಎಷ್ಟು ಹೊಡೀಲಿ ಸಾರ್?" ಎಂದು ಕೇಳುತ್ತಾನೆ, ಮಾಲೀಕರು ಮೊಬೈಲಿನಿಂದ ಕಣ್ಣೆತ್ತದೆ "ನೀನೇ ನೋಡಿ ಹೊಡಿಯಪ್ಪ" ಎನ್ನುತ್ತಾರೆ, ಅವನು 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊಡೆಯುತ್ತಾನೆ. ಆಲ್ಟೊಗೂ 35, ಏಳು ಜನ ತುಂಬಿದ ಇನ್ನೋವಾಕ್ಕೂ 35. ಇಷ್ಟು ಕಟ್ಟುನಿಟ್ಟಿನ ಸಮಾನತೆ ಈ ನಾಡಿನಲ್ಲಿ ಬೇರೆಲ್ಲೂ ಜಾರಿಗೆ ಬಂದಿಲ್ಲ.

ಸ್ವಲ್ಪ ಓದಿದವರು ಟೈರಿನ ಪಕ್ಕೆಯಲ್ಲಿ ಕೆತ್ತಿದ 44 ಅಥವಾ 51 ಎಂಬ ಅಂಕಿಯನ್ನು ತೋರಿಸಿ ಅಷ್ಟನ್ನೇ ತುಂಬಿಸುತ್ತಾರೆ. ಅದು ಟೈರು ತಾಳಬಲ್ಲ ಗರಿಷ್ಠ ಒತ್ತಡ. ಲಿಫ್ಟಿನಲ್ಲಿ ಎಂಟು ಜನ ಎಂದು ಬರೆದಿದೆಯೆಂದು ಇನ್ನೂ ಏಳು ಜನರನ್ನು ಬೀದಿಯಿಂದ ಕರೆತಂದು ಹತ್ತುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಇನ್ನು ಬಿಟ್ಟಿ ಗಾಳಿಗೆ ಮರ್ಯಾದೆಯಿಲ್ಲವೆಂದು ನೈಟ್ರೋಜನ್ನಿಗೆ ಹಣ ಕೊಡುವವರಿದ್ದಾರೆ. ಬಿಟ್ಟಿ ಗಾಳಿಯಲ್ಲೇ ಅದು ಶೇಕಡಾ 78ರಷ್ಟಿದೆ ಎಂದರೆ ಅವರಿಗೆ ಬೇಸರವಾಗುತ್ತದೆ.

ಆದರೆ ಬೇಸಿಗೆ ತಜ್ಞರ ಮುಂದೆ ಇವರೆಲ್ಲ ಏನೂ ಅಲ್ಲ. ಚೀಟಿಯಲ್ಲಿರುವ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಮೂರು ತಾಸಾದರೂ ನಿಂತ ಗಾಡಿಯದು. ಓಡಿದ ಟೈರಿನಲ್ಲಿ ಒತ್ತಡ ನಾಲ್ಕೈದು ಅಂಕಿ ಏರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿದೇ ಚೀಟಿ ಬರೆದಿರುತ್ತಾರೆ. ನಮ್ಮ ತಜ್ಞರು ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದಿಂದ ಹೆದ್ದಾರಿ 48ರಲ್ಲಿ ಒಂದೇ ಉಸಿರಿಗೆ ಬಂದು, ಗೇಜಿನಲ್ಲಿ ಏರಿದ ಅಂಕಿಯನ್ನು ಕಂಡು ಬೆಚ್ಚಿ, "ಬಿಸಿಲಿಗೆ ಟೈರು ಸಿಡಿಯುತ್ತೆ, ಇಳಿಸು" ಎಂದು ಅಪ್ಪಣೆ ಕೊಡುತ್ತಾರೆ. ಮರುದಿನ ಬೆಳಗ್ಗೆ ತಣ್ಣಗಾದ ಟೈರಿನಲ್ಲಿ ಇರಬೇಕಾದಷ್ಟು ಗಾಳಿ ಇರುವುದಿಲ್ಲ. ಕಡಿಮೆ ಗಾಳಿಯ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ, ಬಾಗಿದಷ್ಟೂ ಕಾದು, ಕೊನೆಗೆ ಯಾವುದಕ್ಕೆ ಹೆದರಿದ್ದರೋ ಅದೇ ಆಗುತ್ತದೆ. ಆಗ ಬೈಸಿಕೊಳ್ಳುವುದಕ್ಕೆ ಸೂರ್ಯನಿದ್ದಾನೆ, ಶನಿಯೂ ಇದ್ದಾನೆ.

ಮೆಕ್ಕೆಜೋಳದ ಲಾರಿಗಳಲ್ಲಂತೂ ಗೇಜಿನ ಗೊಡವೆಯೇ ಇಲ್ಲ. ಟೈರಿಗೆ ನೂರರ ಮೇಲೆ ಗಾಳಿ ಬೇಕಾದ ಈ ವಾಹನಗಳನ್ನು ಕ್ಲೀನರ್ ರಾಡಿನಿಂದ ತಟ್ಟಿ, ಕಿವಿಗೊಟ್ಟು, "ಐತಿ, ಹೋಗ್ಲಿ" ಎಂದು ಪ್ರಮಾಣಪತ್ರ ನೀಡುತ್ತಾನೆ. ಪೂರ್ತಿ ಇಳಿದ ಟೈರು ಆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ, ಕಾಲುಭಾಗ ಇಳಿದದ್ದು ಪಾಸಾಗುತ್ತದೆ. ಜೋಡಿಯ ಒಳಗಿನ ಟೈರಿಗಂತೂ ರಾಡೂ ಸಲೀಸಾಗಿ ಎಟುಕುವುದಿಲ್ಲ, ಅದರ ಹೊರೆಯನ್ನೂ ಹೊರಗಿನದು ಬಾಯಿಮುಚ್ಚಿ ಹೊರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಅಚ್ಚಿನ ಹೊರೆಯ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಒಂದು ಸಹಿಯಿಂದ ಪ್ರತಿ ಟೈರಿನ ಪಾಲಿಗೆ 325 ಕಿಲೋ ಹೆಚ್ಚುವರಿಯಾಗಿ ಬಂತು. ಅಧಿಸೂಚನೆಯ ಪ್ರತಿ ಟೈರುಗಳಿಗೆ ತಲುಪಿದಂತಿಲ್ಲ. ಕ್ಲೀನರ್ ಮಾತ್ರ ಅಂದಿನಿಂದ ಎರಡೇಟು ಹೆಚ್ಚು ತಟ್ಟುತ್ತಿದ್ದಾನೆ.