ಒಣಗಿದೆಯಾ ಅಂತ ನೋಡಿದೆ ಅಷ್ಟೇ

ಮೊನ್ನೆ ಭಾನುವಾರದಿಂದ ನನ್ನ ಕಂಪ್ಯೂಟರ್ ಡಬ್ಬದ ಎಡಮಗ್ಗುಲಲ್ಲಿ ಒಂದು ಹೆಬ್ಬೆಟ್ಟಿನ ಗುರುತು ಕೂತಿದೆ. ಎಡಮಗ್ಗುಲು ಅಂದರೆ ಎಲ್ಲರಿಗೂ ಕಾಣುವ ಮಗ್ಗುಲು. ಗೆರೆ ಗೆರೆಯೂ ಎಷ್ಟು ಸ್ಪಷ್ಟವಾಗಿದೆಯೆಂದರೆ ಪೊಲೀಸರಿಗೆ ಕೊಟ್ಟರೆ ಪೌಡರ್ ಉದುರಿಸುವ ಕೆಲಸವೂ ಉಳಿಯುತ್ತದೆ. ಆದರೆ ಪತ್ತೇದಾರಿಕೆಯ ಅಗತ್ಯವೇ ಇಲ್ಲ. ಬೆರಳು ಯಾರದೆಂದು ನನಗೆ ಗೊತ್ತು, ಬೆರಳಿನ ಒಡೆಯರಿಗೂ ಗೊತ್ತು. "ಒಣಗಿದೆಯಾ ಅಂತ ನೋಡಿದೆ ಅಷ್ಟೇ" ಅಂದರು ಭಾವ.

ಹಳೇ ಡೆಸ್ಕ್‌ಟಾಪ್ ಡಬ್ಬವನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅಟ್ಟಕ್ಕೆ ಏರಿಸಿದವರಿಗೆ ನನ್ನ ಈ ಹುಚ್ಚು ಅರ್ಥವಾದೀತು. ಮದರ್‌ಬೋರ್ಡ್ ಸುಟ್ಟುಹೋಗುತ್ತದೆ, ಹಾರ್ಡ್ ಡಿಸ್ಕ್ ಕಿರಗುಟ್ಟಿ ಪ್ರಾಣ ಬಿಡುತ್ತದೆ, ಡಬ್ಬಕ್ಕೆ ಮಾತ್ರ ಸಾವಿಲ್ಲ. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಅಂತ ಒಂದು ಅಳತೆ ಹೊರಡಿಸಿತು. ಬೋರ್ಡ್ ಕೂರಿಸುವ ಸ್ಕ್ರೂ ತೂತುಗಳು ಇವತ್ತಿಗೂ ಹೆಚ್ಚುಕಡಿಮೆ ಅಲ್ಲೇ ಇವೆ. ಹಾಗಾಗಿ ಅಂದಿನ ಡಬ್ಬದೊಳಗೆ ಇಂದಿನ ಬೋರ್ಡ್ ಆರಾಮಾಗಿ ಕೂರುತ್ತದೆ. ತಗಡೂ ಗಟ್ಟಿ, ಎತ್ತಿದರೆ ಸೊಂಟಕ್ಕೆ ತಿಳಿಯುತ್ತದೆ.

ಕೊರತೆ ಎರಡು. ಒಂದು ಗಾಳಿ: ಹಿಂದುಗಡೆ 80 ಮಿ.ಮೀ. ಫ್ಯಾನಿಗೊಂದು ಕಿಂಡಿ ಬಿಟ್ಟರೆ ಮುಂದೆ ಉಸಿರಾಟಕ್ಕೆ ದಾರಿಯೇ ಇಲ್ಲ. ಇನ್ನೊಂದು ಬಣ್ಣ. ಹುಟ್ಟುವಾಗ ಕೆನೆಬಣ್ಣವಿತ್ತು, ಈಗ ವರ್ಷಗಟ್ಟಲೆ ಉಜ್ಜದ ಹಲ್ಲಿನ ಹಾಗಿದೆ. ಮುಂಭಾಗದ ಎಬಿಎಸ್ ಪ್ಲಾಸ್ಟಿಕ್ಕು ಬಿಸಿಲಿನ ಅತಿನೇರಳೆ ಕಿರಣಕ್ಕೂ ಗಾಳಿಯ ಆಮ್ಲಜನಕಕ್ಕೂ ಸಿಕ್ಕಿ ಹಳದಿಯಾಗುವುದು ಅದರ ಜಾತಕದಲ್ಲೇ ಇದೆ. ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟರೆ ಬೆಳ್ಳಗಾಗುತ್ತದೆ, ನಿಜ. ಹಳದಿ ಮತ್ತೆ ಬಂದು ವಕ್ಕರಿಸುವುದೂ ಉಂಟು. 1998ರಲ್ಲಿ ಆ್ಯಪಲ್‌ನವರು ನೀಲಿ ಐಮ್ಯಾಕ್ ಬಿಟ್ಟ ದಿನದಿಂದ ನನಗೂ ಒಂದು ನೀಲಿ ಕಂಪ್ಯೂಟರ್ ಬೇಕೆಂಬ ಆಸೆ. ಕಡುನೀಲಿ ಸ್ಪ್ರೇ ತಂದೆ.

ಕೊರೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೈಯ ಗಾಯ ಇನ್ನೂ ಮಾಗಿಲ್ಲ. ಫ್ಲಾಪಿ ಡ್ರೈವಿನ ಗೂಡನ್ನು ಕಿತ್ತು ಆ ಜಾಗದಲ್ಲಿ 120 ಮಿ.ಮೀ. ಫ್ಯಾನ್ ಹಾಕಬೇಕಿತ್ತು. ಗೂಡಿನ ರಿವೆಟ್‌ಗೆ 3.2 ಮಿ.ಮೀ. ಡ್ರಿಲ್ ಬಿಟ್ ಹಿಡಿದರೆ ರಿವೆಟ್ ತುಂಡಾಗುವ ಬದಲು ಬಿಟ್ಟಿನ ಜೊತೆ ತಾನೂ ಗಿರಗಿರ ತಿರುಗಿ ಮಜಾ ತಗೊಳ್ಳುತ್ತದೆ. ಇನ್ನು ಸ್ಕ್ರೂಗಳು. ಹಾರ್ಡ್ ಡಿಸ್ಕಿಗೆ ದಪ್ಪ ಥ್ರೆಡ್ಡಿನದು, ಸಿಡಿ ಡ್ರೈವಿಗೆ ಸಣ್ಣ ಥ್ರೆಡ್ಡಿನದು. ನೋಡಲು ಅವಳಿ ಮಕ್ಕಳು. ಡಬ್ಬಿಯೊಳಗೆ ಕೈ ಹಾಕಿದರೆ ಬೇಡದ್ದೇ ಮೊದಲು ಬರುತ್ತದೆ, ಎರಡು ಸುತ್ತು ನಯವಾಗಿ ಹೋಗಿ ನಂಬಿಕೆ ಹುಟ್ಟಿಸಿ ಆಮೇಲೆ ಕಚ್ಚಿಕೊಳ್ಳುತ್ತದೆ.

ಬಣ್ಣ ಹೊಡೆಯುವುದು ಇದಕ್ಕಿಂತ ಸಾವಧಾನದ ಕೆಲಸ. ಉಪ್ಪುಕಾಗದದಲ್ಲಿ ತಿಕ್ಕಿ, ಒರೆಸಿ, ಪ್ರೈಮರ್ ಹೊಡೆದು, ಅದನ್ನೂ ತಿಕ್ಕಿ, ಆಮೇಲೆ ಬಣ್ಣ. ಒಳಗಿನ ಗೋಲಿ ಕಟಕಟ ಅನ್ನುವ ಹಾಗೆ ಡಬ್ಬಿಯನ್ನು ಚೆನ್ನಾಗಿ ಕುಲುಕಬೇಕು. ಒಂದಡಿಯಷ್ಟು ದೂರದಿಂದ ತೆಳ್ಳಗೆ ಹೊಡೆಯಬೇಕು, ಕಾಯಬೇಕು, ಮತ್ತೆ ತೆಳ್ಳಗೆ ಹೊಡೆಯಬೇಕು. ಆತುರಪಟ್ಟು ದಪ್ಪಗೆ ಹೊಡೆದರೆ ಸೋರಿ ಗೆರೆ ನಿಲ್ಲುತ್ತದೆ. ಒಟ್ಟಿನಲ್ಲಿ ಕೈಕಟ್ಟಿ ಸುಮ್ಮನೆ ಕೂರುವುದೇ ಮುಖ್ಯ ಕೆಲಸ. ಅದು ಎಲ್ಲರಿಂದಲೂ ಆಗುವುದಿಲ್ಲ.

ಹಸಿ ಬಣ್ಣಕ್ಕೆ ಹುಳ ಬಂದು ಕೂರುವುದಿದೆ. ಹುಳವಾದರೋ ಅಲ್ಲೇ ಸತ್ತು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತದೆ. ಭಾವ ಇಳಿದುಹೋಗಿ ಇನ್ನೊಂದು ಗಂಟೆಗೆ ಮತ್ತೆ ತಾರಸಿಗೆ ಬರುತ್ತಾರೆ.

ಅವರ ಮುಟ್ಟುವಿಕೆಗೂ ಒಂದು ಕ್ರಮವಿದೆ. ಮೊದಲು ಮೂಗು. ಮೆಟ್ಟಿಲಲ್ಲೇ ಉಸಿರೆಳೆದು "ಹ್ಞೂಂ, ಪೇಂಟು" ಅನ್ನುತ್ತಾರೆ. ಆಮೇಲೆ ಕಣ್ಣು. ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ, ತಲೆ ಓರೆ ಮಾಡಿ ಹೊಳಪು ನೋಡುತ್ತಾರೆ. ಕೈ ಹಿಂದಿದೆಯಲ್ಲ ಅಂತ ನಾವು ಮೈಮರೆಯುವುದು ಇಲ್ಲೇ. ಮಾತು ನಡೆದೇ ಇರುತ್ತದೆ, ಆಫೀಸು, ಮಂಡಿನೋವು, ಅಕ್ಕನ ಮೇಲೊಂದು ಸಣ್ಣ ದೂರು. ಅಷ್ಟರಲ್ಲಿ ಬಲಗೈ ತನ್ನಷ್ಟಕ್ಕೆ ತಾನೇ ಬಿಡಿಸಿಕೊಂಡು ಮುಂದೆ ಬಂದಿರುತ್ತದೆ. "ಭಾವ, ಹಸಿ ಇದೆ!" ಅಂತ ನಾನು ಕೂಗುವುದಕ್ಕೂ ಹೆಬ್ಬೆಟ್ಟು ಊರುವುದಕ್ಕೂ ಸರಿಹೋಗುತ್ತದೆ. ಒತ್ತಿ, ತೆಗೆದು, ಬೆರಳನ್ನು ಕನ್ನಡಕದ ಹತ್ತಿರ ಹಿಡಿದು ನನಗೇ ಸುದ್ದಿ ಮುಟ್ಟಿಸುತ್ತಾರೆ: "ಇನ್ನೂ ಒಣಗಿಲ್ಲ ಕಣೋ."

ಬೆರಳನ್ನು ಎಲ್ಲಿಯಾದರೂ ಒರೆಸಬೇಕಲ್ಲ. ಪಕ್ಕದಲ್ಲಿ ಪ್ರೈಮರ್ ಒಣಗಿಸಿಟ್ಟ ಮುಂಭಾಗದ ಪ್ಯಾನೆಲ್ ಇತ್ತು.

"ಹಸಿ ಬಣ್ಣ, ಮುಟ್ಟಬೇಡಿ" ಅಂತ ದಪ್ಪಕ್ಷರದಲ್ಲಿ ಕಾಗದ ಬರೆದಿಟ್ಟೆ. ಪೂರ್ತಿ ಓದಿದರು.

"ಇದನ್ನ ಯಾವಾಗ ಬರೆದಿದ್ದು?"

"ಬೆಳಿಗ್ಗೆ, ಭಾವ."

"ಹಾಗಾದ್ರೆ ಇಷ್ಟೊತ್ತಿಗೆ ಒಣಗಿರುತ್ತೆ ಬಿಡು."

ನಾನು ತಡೆದು ಮುಖ ಊದಿಸಿಕೊಂಡಾಗ ಸ್ಪ್ರೇ ಡಬ್ಬಿ ಎತ್ತಿ ಹಿಂಬದಿಯ ಸಣ್ಣಕ್ಷರ ತೋರಿಸಿದರು. ಅರ್ಧ ಗಂಟೆಯಲ್ಲಿ ಮುಟ್ಟುವಷ್ಟು ಒಣಗುತ್ತದೆ ಅಂತಿತ್ತು. "ನೋಡು, ಅವರೇ ಹೇಳಿದಾರೆ. ಮುಟ್ಟದೆ ಗೊತ್ತಾಗೋದು ಹೇಗೆ?" ಮುಟ್ಟುವಷ್ಟು ಒಣಗುವುದೇ ಬೇರೆ, ಒಳಗಿನವರೆಗೆ ಗಟ್ಟಿಯಾಗಲು ದಿನಗಳೇ ಬೇಕು ಅಂತ ವಿವರಿಸಿದೆ. ತಲೆಯಾಡಿಸಿ ಕೇಳಿದರು. ಕೇಳುತ್ತಾ ಕೇಳುತ್ತಾ ಮೇಲಿನ ಮುಚ್ಚಳದ ಮೂಲೆಯನ್ನು ಕಿರುಬೆರಳಿನಿಂದ ಸವರಿದರು. ಕಿರುಬೆರಳಾದರೆ ಲೆಕ್ಕಕ್ಕಿಲ್ಲ ಎಂಬುದು ಅವರ ನಂಬಿಕೆ.

ಹಸಿ ಬಣ್ಣದ ಮೇಲಿನ ಗುರುತನ್ನು ಒರೆಸಲಾಗದು, ಒರೆಸಿದಷ್ಟೂ ಹರಡುತ್ತದೆ. ಪೂರ್ತಿ ಒಣಗಲು ಬಿಟ್ಟು, 600 ನಂಬರಿನ ವಾಟರ್ ಪೇಪರ್ ನೀರಲ್ಲಿ ಅದ್ದಿ ಉಜ್ಜಿ, ಅಲ್ಲಿಗೆ ಮತ್ತೆ ಹೊಡೆಯಬೇಕು. ಹಾಗೆ ಒಂದೊಂದೇ ಬೆರಳು ಅಳಿಸುತ್ತಾ ಬಂದೆ. ಕೊನೆಯ ಹೆಬ್ಬೆಟ್ಟು ಬೀಳುವ ಹೊತ್ತಿಗೆ ಸ್ಪ್ರೇ ಖಾಲಿ. ಬರೀ ಗೋಲಿ ಕಟಕಟ ಅಂತಿತ್ತು.

ಮುಂಭಾಗ ಉಜ್ಜುವಾಗ ಅಕ್ಕ ಅಂಟಿಸಿದ್ದ ಗುಂಡನೆಯ ಸ್ಟಿಕ್ಕರ್ ಬಿಚ್ಚಿ ಬಂತು. ಅದರಡಿ ಬೆಳಕು ಬೀಳದ ಜಾಗದಲ್ಲಿ ಮೊದಲಿನ ಕೆನೆಬಣ್ಣ ಹಾಗೇ ಇತ್ತು, ಅಂಗೈಯಗಲದ ಒಂದು ಚಕ್ರ. ಈ ಡಬ್ಬ ನಡುಮನೆಯಲ್ಲಿ ಬಟ್ಟೆ ಹೊದ್ದು ಕೂರುತ್ತಿದ್ದ ಕಾಲದ ಬಣ್ಣ. ಆಗ ಮನೆಯಲ್ಲಿ ಎಲ್ಲರಿಗೂ ಅದೆಂದರೆ ಭಯ, ಎಲ್ಲಿ ಕೆಟ್ಟುಹೋಗುತ್ತದೋ ಅಂತ ದೂರದಿಂದಲೇ ನೋಡುತ್ತಿದ್ದರು. ಹೆದರದೆ ಮುಟ್ಟಿದವರು ಹೊಸದಾಗಿ ಮದುವೆಯಾಗಿ ಬಂದಿದ್ದ ಭಾವ ಒಬ್ಬರೇ. "ಇದೇನು, ಇದೇನು" ಅಂತ ಇದ್ದ ಗುಂಡಿಗಳನ್ನೆಲ್ಲ ಒತ್ತಿದರು. ಅದರಲ್ಲಿ ರೀಸೆಟ್ ಕೂಡ ಒಂದು, ಅಪ್ಪ ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ ಪತ್ರ ಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಹೊಸ ಅಳಿಯ. ನನಗೆ ಆ ಸೌಜನ್ಯ ಬಂದಿಲ್ಲ. ಆ ಕೆನೆಬಣ್ಣದ ಚಕ್ರವನ್ನು ಉಜ್ಜುವಾಗ ಮಾತ್ರ ಕೈ ಸ್ವಲ್ಪ ನಿಧಾನವಾಯಿತು.

ನಿನ್ನೆ ಸಂಜೆ ಎಲ್ಲ ಜೋಡಿಸಲು ಕೂತೆ. ಬಣ್ಣದ ದಪ್ಪ ಸೇರಿ ಪಕ್ಕದ ತಗಡು ಕಾಲುವೆಯೊಳಗೆ ಜಾರಲೊಲ್ಲದು. ಅಂಚುಗಳನ್ನು ಹದವಾಗಿ ಉಜ್ಜಿ ಕೂರಿಸೋಣ ಅಂತ ಉಪ್ಪುಕಾಗದ ತರಲು ಒಳಹೋದೆ. ಧಡ್ ಅಂತ ಸದ್ದಾಯಿತು. "ಕೂತ್ಕೊಂಡ್ತು ನೋಡು, ಕೈಯಲ್ಲಿ ಬಲ ಇರ್ಬೇಕು ಅಷ್ಟೇ" ಅಂದರು ಭಾವ. ತಗಡು ಕೂತಿತ್ತು. ಅಂಚಿನುದ್ದಕ್ಕೂ ನೀಲಿ ಸಿಪ್ಪೆ ನೆಲದ ಮೇಲಿತ್ತು.

ಏನೂ ಹೇಳದೆ ಪವರ್ ಒತ್ತಿದೆ. ಹೊಸ ಫ್ಯಾನ್ ಸದ್ದೇ ಇಲ್ಲದೆ ತಿರುಗಿತು, ಪರದೆ ಬೆಳಗಿತು, ವಿಂಡೋಸ್ ಏಳತೊಡಗಿತು. ಮುಂಭಾಗದ ಪುಟ್ಟ ಎಲ್ಇಡಿ ಮಾತ್ರ ಹತ್ತಲಿಲ್ಲ. ಅಷ್ಟು ಹಳೇ ದೀಪ, ಅದರ ಕಾಲ ಮುಗಿದಿತ್ತು. ಕೈಗಂಟಿದ ಬಣ್ಣ ತೊಳೆದು ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಭಾವ ಡಬ್ಬದ ಮುಂದೆ ಬಗ್ಗಿ ನಿಂತಿದ್ದರು, ಎಡಗೈ ಮಾತ್ರ ಬೆನ್ನ ಹಿಂದೆ.

"ಲೈಟ್ ಬರ್ಲಿಲ್ಲ ಕಣೋ. ಆನ್ ಆಗಿದೆಯಾ ಅಂತ ಒಂದ್ಸಲ ಒತ್ತಿ ನೋಡಿದೆ."